ಅಮ್ಮನ ತಲೆ ಬಾಚಲು ಕಲಿತ ಮೇಲೆ

ಬನಶಂಕರಿಯವನು
ನವೆಂಬರ್ 23, ಭಾನುವಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಪೂರ್ತಿ ಓದಿ, ನಿಮ್ಮ ಮನೆಯ ವಿಷಯವನ್ನೂ ಹೇಳಿ.

ನನಗೆ 44 ವರ್ಷ. ಬನಶಂಕರಿ ಎರಡನೇ ಹಂತದಲ್ಲಿ ಮನೆ. ಅಮ್ಮ, ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ, ನಾನು. ಆಫೀಸು ರಿಂಗ್ ರೋಡಿನಲ್ಲಿ, ಮಾರತಹಳ್ಳಿ ಕಡೆ. ವಾರಕ್ಕೆ ಮೂರು ದಿನ ಹೋಗಬೇಕು. ಹೋದ ದಿನ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ರಾತ್ರಿ ಎಂಟೂವರೆ.

ಎರಡು ವರ್ಷದಿಂದ ಒಂದು ಯೋಚನೆ ಕೊರೆಯುತ್ತಿತ್ತು. ನಾನು ಮನುಷ್ಯನಾಗಿ ಬೆಳೆಯುತ್ತಿದ್ದೇನಾ, ಅಥವಾ ಸುಮ್ನೆ ವಯಸ್ಸಾಗುತ್ತಿದೆಯಾ? ಧ್ಯಾನದ ಶಿಬಿರಕ್ಕೆ ಹೋಗಿಬಂದೆ. ಬೆಳಗ್ಗೆ ಐದಕ್ಕೆ ಏಳುವುದು ರೂಢಿ ಮಾಡಿಕೊಂಡೆ. ಡೈರಿ ಬರೆದೆ. ಎಲ್ಲದರಿಂದಲೂ ಒಂದಷ್ಟು ಒಳ್ಳೆಯದಾಯಿತು, ಇಲ್ಲ ಅನ್ನಲ್ಲ. ಆದರೆ ಮನೆಯವರ ಜೊತೆ ನಾನು ಮೊದಲಿನ ಹಾಗೇ ಇದ್ದೆ. ಬಾಗಿಲು ತೆಗೆದು ಒಳಗೆ ಬಂದ ಕೂಡಲೇ ಸಿಡುಕು. ಶೂ ಅಡ್ಡ ಬಿದ್ದಿದ್ದರೆ ಸಿಡುಕು, ಟಿವಿ ಜೋರಾಗಿದ್ದರೆ ಸಿಡುಕು.

ಸೆಪ್ಟೆಂಬರಿನಲ್ಲಿ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಬಲಗೈ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್ ಹಾಕಿದರು. ಹೆಂಡತಿಗೆ ಬ್ಯಾಂಕಿನಲ್ಲಿ ಕೆಲಸ, ಎಂಟು ಗಂಟೆಗೆ ಬಸ್ ಹಿಡಿಯಬೇಕು. ಅಮ್ಮನ ಸ್ನಾನ, ಸೀರೆ ಎಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಹೊತ್ತಾಗಿ, ತಲೆ ಬಾಚುವುದು ಉಳಿದುಹೋಯಿತು. ತಲೆ ಬಾಚದೆ ಅಮ್ಮ ರೂಮಿನಿಂದ ಈಚೆಗೂ ಬರುವವರಲ್ಲ. ಮಂಚದ ಮೇಲೇ ಕೂತಿದ್ದರು. ಆವತ್ತು ನನಗೆ ಮನೆಯಿಂದಲೇ ಕೆಲಸ.

"ನಾನು ಬಾಚಲಾ ಅಮ್ಮ?"

"ನಿಂಗೆ ಬರತ್ತೇನೋ?"

ಬರುತ್ತಿರಲಿಲ್ಲ. ಮಣೆ ಹಾಕಿ ಕೂರಿಸಿದೆ, ಹಿಂದೆ ನಾನು ಸ್ಟೂಲಿನ ಮೇಲೆ ಕೂತೆ. ಅಂಗೈಗೆ ಎಣ್ಣೆ ಹಾಕಿಕೊಂಡೆ. ಜಾಸ್ತಿಯಾಗಿ ಕೂದಲೆಲ್ಲ ನೆತ್ತಿಗೆ ಅಂಟಿಕೊಂಡಿತು. ನಾನು ಚಿಕ್ಕವನಿದ್ದಾಗ ಅಮ್ಮನ ಜಡೆ ಸೊಂಟದವರೆಗೆ ಇತ್ತು. ಈಗ ನನ್ನ ಕಿರುಬೆರಳಷ್ಟೇ ದಪ್ಪ. "ಸಿಕ್ಕು ಬುಡದಿಂದ ಬಿಡಿಸಬೇಡ, ತುದಿಯಿಂದ ಬಿಡಿಸು" ಅಂದರು. "ಮೂರು ಕಾಲು ಮಾಡ್ಕೋ. ಬಲಗಡೆದು ನಡುವಿಗೆ ತಗೋ. ಈಗ ಎಡಗಡೆದು." ಎಡಕಿವಿಯ ಹಿಂದೆ ಒಂದು ಹಳೇ ಗಾಯದ ಗುರುತು ಕಾಣಿಸಿತು. ಇದೇನಮ್ಮ ಅಂತ ಕೇಳಿದೆ. ಒಂಬತ್ತು ವರ್ಷದವರಿದ್ದಾಗ ಚನ್ನಪಟ್ಟಣದ ಅಜ್ಜಿ ಮನೆಯಲ್ಲಿ ಹುಣಸೇಮರದಿಂದ ಬಿದ್ದದ್ದಂತೆ. ನನ್ನಮ್ಮ ಮರ ಹತ್ತುತ್ತಿದ್ದರು ಅನ್ನೋದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಆಮೇಲೆ ಆ ಕೆಲಸ ನನ್ನದೇ ಆಯಿತು. ಆಫೀಸಿಗೆ ಹೋಗುವ ದಿನವೂ ಬಾಚಿಯೇ ಹೊರಡುತ್ತಿದ್ದೆ. ಹತ್ತು ನಿಮಿಷ ಬೇಕು. ಅವಸರ ಮಾಡಿದರೆ ಅಮ್ಮನಿಗೆ ನೋವಾಗುತ್ತದೆ, ಹಾಗಾಗಿ ಅವಸರ ಮಾಡುವ ಹಾಗಿಲ್ಲ. ಮೂರನೇ ವಾರ ಮಗಳೇ ಹೇಳಿದಳು: "ಅಪ್ಪ, ನೀವು ಈಗ ಕಮ್ಮಿ ಬೈತೀರ."

ನಾನು ಹೊರಗೆ ಹುಡುಕುತ್ತಿದ್ದದ್ದು ಆ ಹತ್ತು ನಿಮಿಷದಲ್ಲಿ ಸಿಕ್ಕಿತು ಅನ್ನಿಸುತ್ತದೆ. ನಿಮಗೆ ಯಾರಿಗಾದರೂ ಹೀಗಾಗಿದೆಯಾ?


ವಿಜಯನಗರ ಮೇಷ್ಟ್ರು
ನವೆಂಬರ್ 23

ತುಂಬಾ ಚೆನ್ನಾಗಿ ಬರೆದಿದ್ದೀರಿ ಸರ್. ಅಮೆರಿಕದಲ್ಲಿ ಹಾರ್ವರ್ಡ್‌ನವರು 1938ರಲ್ಲಿ ಶುರು ಮಾಡಿದ ಒಂದು ಅಧ್ಯಯನ ಇದೆ. 724 ಜನರ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಆರೋಗ್ಯ, ಕೆಲಸ, ಮದುವೆ ಎಲ್ಲವನ್ನೂ ಕೇಳಿ ಬರೆದಿಟ್ಟಿದ್ದಾರೆ. ಈಗ ಅದನ್ನು ನಡೆಸುತ್ತಿರುವವರು ಮನೋವೈದ್ಯ ರಾಬರ್ಟ್ ವಾಲ್ಡಿಂಗರ್. ದುಡ್ಡು, ಹೆಸರಿಗಿಂತ ಹತ್ತಿರದವರ ಜೊತೆ ಸಂಬಂಧ ಚೆನ್ನಾಗಿದ್ದವರೇ ಜಾಸ್ತಿ ಸಂತೋಷವಾಗಿ, ಆರೋಗ್ಯವಾಗಿ ಇದ್ದರು ಅನ್ನೋದು ಅವರು ಕಂಡುಕೊಂಡ ಮುಖ್ಯ ಸಂಗತಿ. ನೀವು ಬಾಚಣಿಗೆ ಹಿಡಿದು ಕಂಡದ್ದೂ ಅದನ್ನೇ.


ನಿವೃತ್ತ ಕಂಡಕ್ಟರ್, ಶ್ರೀನಗರ
ನವೆಂಬರ್ 23

ಅಣ್ಣಾ, ನಿಮ್ಮ ಅಮ್ಮನ ಕೈ ಬೇಗ ವಾಸಿಯಾಗಲಿ.

ನಾನು ಬಸ್ಸಿನ ಕೆಲಸಕ್ಕೆ ಸೇರಿದಾಗ ಅದು ಬಿಟಿಎಸ್. 1997ರಲ್ಲಿ ಬಿಎಂಟಿಸಿ ಆಯಿತು. ಮೊದಲ ಶಿಫ್ಟ್ ಇದ್ದರೆ ಬೆಳಗ್ಗೆ ನಾಲ್ಕೂವರೆಗೇ ಮನೆ ಬಿಡಬೇಕು, ಆಗ ಮಕ್ಕಳು ಮಲಗಿರುತ್ತಿದ್ದರು. ಎರಡನೇ ಶಿಫ್ಟ್ ಇದ್ದರೆ ಬರುವಾಗ ಮಲಗಿರುತ್ತಿದ್ದರು. ಮಗ ಯಾವಾಗ ಸೈಕಲ್ ಕಲಿತ ಅನ್ನೋದೂ ನನಗೆ ಗೊತ್ತಿಲ್ಲ.

ನಿವೃತ್ತಿ ಆದ ಮೇಲೆ ಇದು ಬಹಳ ಕಾಡಿತು. ಒಂದು ಸಲ ಮಗನಿಗೆ ಹೇಳಿಯೇಬಿಟ್ಟೆ, "ನಿನ್ನ ಜೊತೆ ಇರೋಕೆ ಆಗಲಿಲ್ಲ ಕಣಪ್ಪ" ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನೀವು ತಂದುಕೊಡ್ತಿದ್ದ ಟಿಕೆಟ್ ಪುಸ್ತಕದ ರಟ್ಟು ಇಟ್ಕೊಂಡು ನಾನೂ ತಂಗಿಯೂ ಬಸ್ ಆಟ ಆಡ್ತಿದ್ವಿ. ನಾನೇ ಕಂಡಕ್ಟರ್" ಅಂದ. ಟಿಕೆಟ್ ಮುಗಿದ ಮೇಲೆ ಉಳಿಯುವ ಆ ರಟ್ಟನ್ನು ಜೇಬಿಗೆ ಹಾಕಿಕೊಂಡು ಬರುತ್ತಿದ್ದೆ, ಅಷ್ಟೇ. ಅವನು ಅದನ್ನು ಮರೆತಿಲ್ಲ.

ಈಗ ಭಾನುವಾರ ಮೊಮ್ಮಗನನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗುತ್ತೇನೆ. ಬಂಡೆ ಮೇಲೆ ಕೂತು ಇಡ್ಲಿ ತಿನ್ನುತ್ತೇವೆ. ಆ ಬಂಡೆಗೆ 300 ಕೋಟಿ ವರ್ಷ ಅಂತ ಅವನಿಗೆ ಹೇಳಿದೆ. "ತಾತ, ಇದು ನಿನಗಿಂತ ದೊಡ್ಡದಾ?" ಅಂತ ಕೇಳಿದ. ಹೌದಪ್ಪ ಅಂದೆ. ಮಕ್ಕಳಿದ್ದಾಗ ಸಿಗದ ಭಾನುವಾರಗಳು ಈಗ ಸಿಕ್ಕಿವೆ. ಒಂದನ್ನೂ ಬಿಡೋದಿಲ್ಲ.


ಜಯನಗರ ನಾಲ್ಕನೇ ಬ್ಲಾಕ್
ನವೆಂಬರ್ 24

ಬನಶಂಕರಿ ಸರ್, ನೀವು ಬರೆದದ್ದು ಓದಿ ಕಣ್ಣಲ್ಲಿ ನೀರು ಬಂತು. ಆಮೇಲೆ ಸ್ವಲ್ಪ ಬೇಜಾರೂ ಆಯಿತು. ನಿಮ್ಮನ್ನು ನೋಯಿಸಬೇಕು ಅಂತಲ್ಲ. ಆದರೆ ಇಲ್ಲಿ ಹೇಳದೆ ಇದ್ದರೆ ನನಗೆ ನಿದ್ದೆ ಬರೋದಿಲ್ಲ.

ನಾನು 18 ವರ್ಷದಿಂದ ಮನೆಯವರ ತಲೆ ಬಾಚುತ್ತಿದ್ದೇನೆ. ಮೊದಲು ಮಗಳದು, ಈಗ ಅತ್ತೆಯದು. ಅತ್ತೆಯನ್ನು ಕಂಡರೆ ನನಗೆ ಪ್ರೀತಿ ಇದೆ, ಅದು ಬೇರೆ ಮಾತು. ಆದರೆ ಇದರಿಂದ ನಾನು ಬೆಳೆದೆನಾ ಅಂತ ಯಾರೂ ನನ್ನನ್ನು ಕೇಳಿಲ್ಲ. ನಿಮಗೆ ಅದು ಹೊಸ ಬಾಗಿಲು ತೆಗೆದ ಹಾಗಾಯಿತು. ನನಗೆ ಅದು ಕುಕ್ಕರ್ ಮೂರು ಸೀಟಿ ಹಾಕುವಷ್ಟರಲ್ಲಿ ಮುಗಿಸಬೇಕಾದ ಇನ್ನೊಂದು ಕೆಲಸ.

ಮೇಷ್ಟ್ರು ಹೇಳಿದ ಅಧ್ಯಯನದ ಬಗ್ಗೆ ನಾನೂ ಓದಿದ್ದೇನೆ. ಶುರುವಿನಲ್ಲಿ ಆ 724 ಜನರೂ ಗಂಡಸರೇ. ಹೆಂಡತಿಯರನ್ನು ಸೇರಿಸಿಕೊಂಡದ್ದು ಎಷ್ಟೋ ವರ್ಷ ಆದ ಮೇಲೆ. ನಮ್ಮ ದೇಶದ ಲೆಕ್ಕವನ್ನೂ ನೋಡಿ. 2019ರಲ್ಲಿ ಕೇಂದ್ರ ಸರ್ಕಾರ, ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ನೂರಕ್ಕೆ 81, ಗಂಡಸರು 26. ಮಾಡುವವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. 299 ನಿಮಿಷ ಅಂದರೆ ಹತ್ತಿರ ಹತ್ತಿರ ಐದು ಗಂಟೆ.

ಅದರಲ್ಲಿ ಲೆಕ್ಕಕ್ಕೆ ಬಾರದ ಇನ್ನೊಂದು ಇದೆ, ನೆನಪಿಟ್ಟುಕೊಳ್ಳುವ ಕೆಲಸ. ಒಣ ಕಸದವರು ಯಾವತ್ತು ಬರುತ್ತಾರೆ. ಕಾವೇರಿ ನೀರು ಬರುವ ದಿನ ಯಾವುದು, ಸಂಪು ತುಂಬಿತಾ. ಬುಧವಾರ ಮಗಳಿಗೆ ಬಿಳಿ ಶೂ. ಮಾವನ ಬಿಪಿ ಮಾತ್ರೆ ಇನ್ನೆಷ್ಟು ಉಳಿದಿವೆ. ಗಂಡ ಒಳ್ಳೆಯವರು, "ಏನು ಮಾಡ್ಬೇಕು ಹೇಳು, ಮಾಡ್ತೀನಿ" ಅಂತಾರೆ. ಆ ಹೇಳುವುದೇ ಅರ್ಧ ಕೆಲಸ ಅಲ್ವಾ?

ನಿಮ್ಮ ಶ್ರೀಮತಿಯವರಿಗೆ ನಿಮ್ಮ ಬರಹ ಓದಿಸಿ. ನಿಮಗೆ ಸಿಕ್ಕ ಹತ್ತು ನಿಮಿಷದಂಥದ್ದು ಅವರಿಗೆ ಎಲ್ಲಿ ಸಿಗುತ್ತಿದೆ ಅಂತ ಕೇಳಿ. ಒಂದು ಕೆಲಸವನ್ನು ನೆನಪಿಟ್ಟುಕೊಳ್ಳುವುದೂ ಸೇರಿಸಿ ಪೂರ್ತಿ ನಿಮ್ಮ ಕೈಗೆ ತೆಗೆದುಕೊಳ್ಳಿ. ಆಮೇಲೆ ಇಲ್ಲಿಗೆ ಬಂದು ಬರೆಯಿರಿ.


ಹಳದಿ ಮೆಟ್ರೊ
ನವೆಂಬರ್ 24

ಜಯನಗರದ ಅಕ್ಕ ಹೇಳಿದ್ದು ನಾಟಿತು.

ನನ್ನ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊ ಹಳದಿ ಮಾರ್ಗ ಶುರುವಾಯಿತಲ್ಲ, ಅದರಿಂದ ನನಗೆ ದಿನಕ್ಕೆ ಒಂದು ಗಂಟೆಗೂ ಮೇಲೆ ಉಳಿಯಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ಒಂದು ತಿಂಗಳಾದ ಮೇಲೆ ಹೆಂಡತಿ ಕೇಳಿದಳು, "ಆ ಒಂದು ಗಂಟೆ ಎಲ್ಲಿ ಹೋಯ್ತು?" ಉತ್ತರ ಇರಲಿಲ್ಲ. ಮನೆಗೆ ಬೇಗ ಬಂದು ಸೋಫಾ ಮೇಲೆ ಫೋನ್ ಹಿಡಿದು ಕೂರುತ್ತಿದ್ದೆ.

ಈಗ ಸಂಜೆ ಏಳರಿಂದ ಎಂಟು ಮಗನ ಜೊತೆ ಪಾರ್ಕಿನ ಸುತ್ತ ನಡೆಯುತ್ತೇನೆ. ಫೋನ್ ಮನೆಯಲ್ಲೇ ಇರುತ್ತದೆ. ಮೊದಲ ವಾರ ಇಬ್ಬರಿಗೂ ಮಾತೇ ಬರಲಿಲ್ಲ. ಎರಡನೇ ವಾರ ಅವನು ತನ್ನ ಕ್ಲಾಸಿನ ಒಬ್ಬ ಹುಡುಗ ದಿನಾ ತನ್ನ ಟಿಫಿನ್ ಕಿತ್ತುಕೊಳ್ಳುತ್ತಾನೆ ಅಂದ. ಜೂನಿನಿಂದ ನಡೆಯುತ್ತಿತ್ತಂತೆ. ಮನೆಯೊಳಗೆ ಕೂತು ಕೇಳಿದ್ದರೆ ಹೇಳುತ್ತಿರಲಿಲ್ಲ ಅನ್ನಿಸುತ್ತದೆ. ಪಕ್ಕದಲ್ಲಿ ನಡೆಯುವಾಗ ಮುಖ ನೋಡಬೇಕಾಗಿಲ್ಲ, ಹಾಗಾಗಿ ಹೇಳುವುದು ಸುಲಭ.


ಧಾರವಾಡದ ಹುಡುಗಿ
ನವೆಂಬರ್ 25

ನಾನು ಬಿಟಿಎಂ ಲೇಔಟಿನಲ್ಲಿ ಪಿಜಿಯಲ್ಲಿ ಇದ್ದೇನೆ. ಮನೆ ಅಂದರೆ ನನಗೆ ರಾತ್ರಿ ಒಂಬತ್ತು ಗಂಟೆಯ ಫೋನು. ಅವ್ವ ದಿನಾ ಅದೇ ಕೇಳುತ್ತಾಳೆ: "ಊಟ ಆತೇನು? ಏನ್ ಉಂಡಿ?" ನಾನೂ ಅದೇ ಉತ್ತರ ಕೊಟ್ಟು ಇಟ್ಟುಬಿಡುತ್ತಿದ್ದೆ.

ಚನ್ನಪಟ್ಟಣದ ಹುಣಸೇಮರದ ಮಾತು ಓದಿ ನಿನ್ನೆ ನಾನೇ ಕೇಳಿದೆ, "ಅವ್ವ, ನೀ ಹತ್ತು ವರ್ಷದಾಕಿ ಇದ್ದಾಗ ಸಾಲಿ ಬಿಟ್ಟ ಮ್ಯಾಲೆ ಏನ್ ಮಾಡ್ತಿದ್ದಿ?" ನಲವತ್ತು ನಿಮಿಷ ಮಾತಾಡಿದಳು. ಕೆರೆ ದಂಡೆ ಮೇಲೆ ಗೆಳತಿಯರ ಜೊತೆ ಕುಂಟಲಿಪಿ ಆಡುತ್ತಿದ್ದಳಂತೆ. ಸೋತವರು ಶೇಂಗಾ ಕೊಡಬೇಕು. ಫೋನ್ ಇಡುವಾಗ ಊಟದ ವಿಷಯ ಕೇಳುವುದನ್ನೇ ಮರೆತಿದ್ದಳು.

ಸರ್, ಥ್ಯಾಂಕ್ಸ್. ಈ ವಾರ ಊರಿನಿಂದ ಕಟಕ ರೊಟ್ಟಿ ಬರುತ್ತದೆ.


ಹೆಸರು ಬೇಡ
ನವೆಂಬರ್ 26, ರಾತ್ರಿ

ಎಲ್ಲರೂ ಒಳ್ಳೆಯದನ್ನೇ ಬರೆದಿದ್ದೀರಿ. ನನ್ನ ಮಾತು ಬೇರೆ ಇದೆ, ಕ್ಷಮಿಸಿ.

ನಮ್ಮ ಮಾವನಿಗೆ ಐದು ವರ್ಷದಿಂದ ಮರೆವಿನ ಕಾಯಿಲೆ. ರಾತ್ರಿ ಎರಡಕ್ಕೆ ಎದ್ದು ಆಫೀಸಿಗೆ ಹೊರಡುತ್ತಾರೆ. ನನ್ನನ್ನು ಯಾರು ಅಂತ ಕೇಳುತ್ತಾರೆ. ಪ್ರೀತಿಯಿಂದಲೇ ನೋಡಿಕೊಳ್ಳುತ್ತೇನೆ, ಆದರೂ ಇದರಲ್ಲಿ ನನಗೆ ಬೆಳವಣಿಗೆ ಕಾಣಲಿಲ್ಲ. ಆಯಾಸ ಕಂಡಿತು. ಹೋದ ವರ್ಷ ಒಂದು ದಿನ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತವಳಿಗೆ ಏಳೋಕೇ ಆಗಲಿಲ್ಲ. ಮೈಗೆ ಏನೂ ಆಗಿರಲಿಲ್ಲ, ಮನಸ್ಸು ನಿಂತುಹೋಗಿತ್ತು.

ಗೆಳತಿಯೊಬ್ಬಳು ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ ಕೊಟ್ಟಳು, 14416. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆವತ್ತು ಆ ಕಡೆ ಇದ್ದವರು ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಬದಲಿಗೆ ವಾರಕ್ಕೊಂದು ಸಂಜೆ ಯಾರು ಇರಬಹುದು?" ನಾನು ಯಾರನ್ನೂ ಕೇಳಿಯೇ ಇರಲಿಲ್ಲ. ಮೈದುನನಿಗೆ ಫೋನ್ ಮಾಡಿದೆ. ಈಗ ಶುಕ್ರವಾರ ಅವನು ಬರುತ್ತಾನೆ. ನಾನು ದೇವಸ್ಥಾನದ ಕಟ್ಟೆ ಮೇಲೆ ಸುಮ್ನೆ ಕೂತು ಬರುತ್ತೇನೆ.

ಸುಸ್ತಾಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ಸಂತೋಷ ಕಾಣುತ್ತಿಲ್ಲ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ. ಮೊದಲು ಯಾರನ್ನಾದರೂ ಕರೆಯಿರಿ.


ಜಯನಗರ ನಾಲ್ಕನೇ ಬ್ಲಾಕ್
ನವೆಂಬರ್ 27

ಅಕ್ಕ, ಶುಕ್ರವಾರ ಬಿಟ್ಟು ಇನ್ನೊಂದು ದಿನವೂ ಬೇಕಿದ್ದರೆ ಹೇಳಿ. ಒಂದು ಸಂಜೆ ನಾನು ಬಂದು ಕೂರುತ್ತೇನೆ. ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ.


ಬನಶಂಕರಿಯವನು
ನವೆಂಬರ್ 30

ಜಯನಗರ ಮೇಡಂ, ನೀವು ಹೇಳಿದ್ದು ಸರಿ. ನಾನು ಬರೆಯುವಾಗ ಹೆಂಡತಿಗೆ ಒಂದು ಸಾಲು ಕೊಟ್ಟು ಮುಂದೆ ಹೋಗಿದ್ದೆ. ಅಮ್ಮನ ಸ್ನಾನ, ಸೀರೆ ಎಲ್ಲ ಅವಳು ಮಾಡಿದಳು, ಬದಲಾದೆ ಅನ್ನಿಸಿದ್ದು ನನಗೆ. ಅದನ್ನು ಒಪ್ಪಿಕೊಳ್ಳುತ್ತೇನೆ.

ಇಡೀ ಚರ್ಚೆಯನ್ನು ಅವಳಿಗೆ ಓದಿಸಿದೆ. ಬಹಳ ಹೊತ್ತು ಏನೂ ಹೇಳಲಿಲ್ಲ. "ಯಾವುದಾದರೂ ಒಂದು ಕೆಲಸ ಪೂರ್ತಿ ನಂಗೆ ಕೊಡು" ಅಂದೆ. "ಹಾಲು" ಅಂದಳು.

ಹಾಲು ಅಂದರೆ ಏನು ಅಂತ ಈ ವಾರ ಗೊತ್ತಾಯಿತು. ಬೆಳಗ್ಗೆ ಐದೂಮುಕ್ಕಾಲಿಗೆ ನಂದಿನಿ ಬೂತಿಗೆ ಹೋಗಬೇಕು. ದಿನಾ ಎಷ್ಟು ಪ್ಯಾಕೆಟ್, ನೆಂಟರು ಬಂದರೆ ಎಷ್ಟು. ಕಾಯಿಸಬೇಕು, ಉಕ್ಕದ ಹಾಗೆ ಎದುರಿಗೇ ನಿಂತಿರಬೇಕು. ಸಂಜೆ ಕಾಫಿಗೆ ಉಳಿಯಬೇಕು. ರಾತ್ರಿ ಹೆಪ್ಪು ಹಾಕಬೇಕು. ಕೆನೆ ಬೇರೆ ಡಬ್ಬಿಗೆ, ಹತ್ತು ದಿನಕ್ಕೊಮ್ಮೆ ಬೆಣ್ಣೆ, ತುಪ್ಪ. ಅಮ್ಮನಿಗೆ ಸಿಹಿ ಮೊಸರು, ಮಗನಿಗೆ ಸ್ವಲ್ಪ ಹುಳಿ ಇರಬೇಕು. ಇಷ್ಟೂ ಅವಳ ತಲೆಯಲ್ಲಿ 16 ವರ್ಷದಿಂದ ಇತ್ತು.

ಮೂರು ರಾತ್ರಿ ಹೆಪ್ಪು ಹಾಕಿದೆ. ಮೂರು ದಿನವೂ ಮೊಸರಾಗಲಿಲ್ಲ. ಬೆಳಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇದೆ. ಹೆಂಡತಿ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ. ಈ ಚಳಿಯಲ್ಲಿ ಏನು ಮಾಡಬೇಕು, ಯಾರಾದರೂ ಹೇಳಿ.


ಗಾಂಧಿ ಬಜಾರ್ ಅಜ್ಜಿ
ನವೆಂಬರ್ 30

ಮಗೂ, ಹಾಲು ತಣ್ಣಗಾದ ಮೇಲೆ ಹೆಪ್ಪು ಹಾಕ್ತಿದ್ದೀಯ, ಅದೇ ತಪ್ಪು. ಬೇಸಗೆಯ ಲೆಕ್ಕ ಈಗ ನಡೆಯಲ್ಲ. ಕಿರುಬೆರಳು ಅದ್ದಿ ಹತ್ತು ಎಣಿಸು. ಹತ್ತರವರೆಗೆ ತಡೆಯುವಷ್ಟು ಬಿಸಿ ಇರಬೇಕು, ಸುಡಬಾರದು. ಹೆಪ್ಪು ಬೇಸಗೆಗಿಂತ ಎರಡರಷ್ಟು ಹಾಕು. ಇನ್ನೊಂದು ಪಾತ್ರೆಗೆ ನಾಲ್ಕು ಸಲ ಎತ್ತಿ ಹೊಯ್ದು ಬೆರೆಸು. ಹಾಟ್ ಬಾಕ್ಸಿನಲ್ಲಿ ಹಾಕಿ ಮುಚ್ಚಿ, ಹಳೇ ಟವೆಲ್ ಸುತ್ತಿ ಇಡು. ಆಮೇಲೆ ಅಲ್ಲಾಡಿಸಬೇಡ. ಆಯ್ತಾ ಅಂತ ಮಧ್ಯದಲ್ಲಿ ತೆಗೆದು ನೋಡಲೂಬೇಡ.

ನಮ್ಮ ಯಜಮಾನರು ಇದನ್ನು ಕಲಿತದ್ದು 71ನೇ ವಯಸ್ಸಿನಲ್ಲಿ, ನನಗೆ ಮಂಡಿ ಆಪರೇಷನ್ ಆದಾಗ. ಮೊದಲ ದಿನ ಗಟ್ಟಿ ಮೊಸರಾದಾಗ ಬಟ್ಟಲು ಹಿಡಿದುಕೊಂಡು ಪಕ್ಕದ ಮನೆಗೂ ಹೋಗಿ ತೋರಿಸಿ ಬಂದರು. ಅವರು ಹೋಗಿ ಮೂರು ವರ್ಷ ಆಯಿತು. ಆ ಹಾಟ್ ಬಾಕ್ಸಿನಲ್ಲೇ ಈಗಲೂ ನಾನು ಹೆಪ್ಪು ಹಾಕೋದು.


ಬನಶಂಕರಿಯವನು
ಜನವರಿ 11, ಭಾನುವಾರ

ಒಂದು ತಿಂಗಳ ಮೇಲಾಯಿತು. ಬಂದು ಬರೆಯಿರಿ ಅಂದಿದ್ದಿರಿ, ಬಂದೆ.

ಹಾಲು ಈಗ ನನ್ನದೇ. ಯಾರೂ ನೆನಪಿಸಬೇಕಾಗಿಲ್ಲ. ಎರಡು ಸಲ ಮರೆತೆ. ಎರಡು ಸಲವೂ ನಾನೇ ಓಡಿಹೋಗಿ ತಂದೆ. ಹೆಂಡತಿಗೆ ಬೆಳಗ್ಗೆ ಮುಕ್ಕಾಲು ಗಂಟೆ ಉಳಿಯಿತು. ಅದರಲ್ಲಿ ಅವಳೇನು ಮಾಡಬೇಕು ಅಂತ ನಾನು ಸಲಹೆ ಕೊಡಲಿಲ್ಲ. ಹದಿನೈದು ದಿನ ಸುಮ್ನೆ ಮಲಗಿದಳು. ಆಮೇಲೆ ಒಂದು ದಿನ, "ನಾನು ಸ್ಕೂಟರ್ ಕಲೀತೀನಿ" ಅಂದಳು. ಮದುವೆ ಆದಾಗಿನಿಂದ ಆಸೆ ಇತ್ತಂತೆ. ಈಗ ಬೆಳಗ್ಗೆ ಆರೂಕಾಲಿಗೆ ನಮ್ಮ ಹಿಂದಿನ ರಸ್ತೆಯಲ್ಲಿ ಮಗಳು ಪಕ್ಕದಲ್ಲಿ ಓಡುತ್ತಾಳೆ, ಇವಳು ಎರಡೂ ಕಾಲು ನೆಲಕ್ಕೆ ಇಟ್ಟುಕೊಂಡು ಓಡಿಸುತ್ತಾಳೆ. ಮೊನ್ನೆ ಮೊದಲ ಸಲ ಕಾಲು ಮೇಲೆತ್ತಿಕೊಂಡು ತಿರುವಿನವರೆಗೆ ಹೋದಳು. ನಾನು ಹಾಲಿನ ಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ತಿರುಗಿ ಬರುವಾಗ ಅವಳ ಮುಖ ಹೇಗಿತ್ತು ಅಂತ ಬರೆಯೋಕೆ ನನಗೆ ಬರಲ್ಲ.

ಇವತ್ತು ಹಿತಕಿದ ಬೇಳೆ. ನಿನ್ನೆ ಗಾಂಧಿ ಬಜಾರಿನಿಂದ ಸೊಗಡಿನ ಅವರೆಕಾಯಿ ತಂದೆ. ಮೂರು ಕೆಜಿ. ಸುಲಿದು ರಾತ್ರಿಯೇ ನೆನೆಹಾಕಿದ್ದೆವು. ಬೆಳಗ್ಗೆ ಐದೂ ಜನ ನೆಲದ ಮೇಲೆ ದೊಡ್ಡ ಪಾತ್ರೆಯ ಸುತ್ತ ಕೂತೆವು. ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಅದುಮಿದರೆ ಬೇಳೆ ಚಿಮ್ಮಿ ಈಚೆ ಬರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಮಗ ಬೇಕಂತಲೇ ಅಕ್ಕನ ಕಡೆಗೆ ಚಿಮ್ಮಿಸುತ್ತಿದ್ದ. ಕೈಯೆಲ್ಲ ಒದ್ದೆ, ಫೋನ್ ಮುಟ್ಟುವ ಹಾಗಿಲ್ಲ. ಎರಡು ಗಂಟೆ ಹಿಡಿಯಿತು. ಮಗಳು ತಾನು ವಿಜ್ಞಾನ ತೆಗೆದುಕೊಳ್ಳೋದಿಲ್ಲ, ಮುಂದೆ ಇತಿಹಾಸ ಓದುತ್ತೇನೆ ಅಂದಳು. ಹೋದ ವರ್ಷವಾಗಿದ್ದರೆ ತಕ್ಷಣ ಏನಾದರೂ ಅಂದುಬಿಡುತ್ತಿದ್ದೆ. ಯಾಕೆ ಅಂತ ಕೇಳಿದೆ. ಹೇಳಿದಳು. ಕೇಳಿಸಿಕೊಂಡೆ.

ಅಮ್ಮನೂ ಎರಡೂ ಕೈಯಲ್ಲಿ ಹಿತುಕಿದರು. ಮಣಿಕಟ್ಟು ಸ್ವಲ್ಪ ಬಿಗಿ ಇದೆ, ಅವರೆಕಾಳೇ ಒಳ್ಳೆಯ ವ್ಯಾಯಾಮ ಅಂತಾರೆ. ತಲೆ ಈಗ ಅವರೇ ಬಾಚಿಕೊಳ್ಳಬಹುದು. ಆದರೂ ಬೆಳಗ್ಗೆ ಬಾಚಣಿಗೆ, ಎಣ್ಣೆ ಬಟ್ಟಲು ತಂದು ಮಣೆ ಮೇಲೆ ಕೂತು ನನ್ನನ್ನು ಕರೆಯುತ್ತಾರೆ.


ಗಾಂಧಿ ಬಜಾರ್ ಅಜ್ಜಿ
ಜನವರಿ 11

ಸಂತೋಷ ಕಣಪ್ಪ. ಮೊಸರು ಆಯ್ತಾ ಇಲ್ವಾ, ಅದನ್ನೇ ಬರೆದಿಲ್ಲವಲ್ಲ?


ಬನಶಂಕರಿಯವನು
ಜನವರಿ 11

ಆಯ್ತು ಅಜ್ಜಿ. ಡಿಸೆಂಬರ್ 2ರ ಬೆಳಗ್ಗೆ. ಬಟ್ಟಲು ಓರೆ ಮಾಡಿದರೂ ಅಲುಗಾಡಲಿಲ್ಲ. ಹೆಂಡತಿಯನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದೆ.